ಜೇನಿಗೆ ಪೋಸು ಹೇಳಿಕೊಡೋದು ಹೇಗೆ?

ಬಿಳಿ ಪರದೆ. ಅದರ ಮುಂದೆ ಅಂಗಿ ಇಲ್ಲದೆ ನಿಂತ ಒಬ್ಬ ಮನುಷ್ಯ. ತಲೆಯ ಮೇಲೆ ಒಂದು ಕೂದಲಿಲ್ಲ, ಎದೆಯ ಮೇಲೂ ಇಲ್ಲ. ಮೈ ಬೆಳ್ಳಗೆ, ಮೇಣದ ಗೊಂಬೆಯ ಹಾಗೆ. ನೆತ್ತಿ, ಕುತ್ತಿಗೆ, ಭುಜ, ಎದೆ, ಎಲ್ಲ ಕಡೆ ಜೇನ್ನೊಣಗಳು ಅಂಟಿಕೊಂಡಿವೆ. ಆತ ಕ್ಯಾಮೆರಾವನ್ನೇ ನೋಡುತ್ತಿದ್ದಾನೆ. ಬಸ್ಸಿಗೆ ಕಾಯುವವನ ಮುಖದಲ್ಲಿ ಇರುವಷ್ಟು ಗಾಬರಿಯೂ ಆ ಮುಖದಲ್ಲಿ ಇಲ್ಲ.

ಈ ಕಪ್ಪು-ಬಿಳುಪು ಚಿತ್ರ ತೆಗೆದದ್ದು 1981ರ ಮೇ 9ರಂದು, ಕ್ಯಾಲಿಫೋರ್ನಿಯಾದ ಡೇವಿಸ್ ಎಂಬ ಊರಿನಲ್ಲಿ. ತೆಗೆದವರು ರಿಚರ್ಡ್ ಅವೆಡನ್. ಫ್ಯಾಷನ್ ಫೋಟೋ ಅಂದರೆ ಮೊದಲು ನೆನಪಾಗುವ ನಾಲ್ಕೈದು ಹೆಸರುಗಳಲ್ಲಿ ಅವರದೂ ಒಂದು. ಮೊದಲು ಹಾರ್ಪರ್ಸ್ ಬಜಾರ್, ಆಮೇಲೆ ವೋಗ್ ಪತ್ರಿಕೆಗೆ ದಶಕಗಟ್ಟಲೆ ಕೆಲಸ ಮಾಡಿದವರು. 1955ರಲ್ಲಿ ಪ್ಯಾರಿಸ್ಸಿನ ಒಂದು ಸರ್ಕಸ್ಸಿಗೆ ಹೋಗಿ, ಡಿಯೋರ್ ಗೌನ್ ತೊಟ್ಟ ಮಾಡೆಲ್ ಡೊವಿಮಾಳನ್ನು ಆನೆಗಳ ನಡುವೆ ನಿಲ್ಲಿಸಿ ಅವರು ತೆಗೆದ ಫೋಟೋ ಬಹಳ ಪ್ರಸಿದ್ಧ. ಅಲ್ಲಿ ಆನೆಗಳ ಕಾಲಿಗೆ ಸರಪಳಿ ಇತ್ತು. ಪಳಗಿದ ಆನೆ, ಪಳಗಿಸಿದ ಮಾವುತ. ಸರಿ, ಅದು ಹೇಗೋ ಆಗುತ್ತೆ.

ಆದರೆ ಜೇನು?

ನಾನು ಮದುವೆ ಫೋಟೋ ತೆಗೆಯುವವನು. "ಅಕ್ಕಾ, ಗಲ್ಲ ಸ್ವಲ್ಪ ಕೆಳಗೆ. ಮಾವ, ನೀವು ಒಂಚೂರು ಒತ್ತಿ ನಿಲ್ಲಿ" ಅನ್ನೋದೇ ನನ್ನ ಕಸುಬು. ಮಾತು ಕೇಳುವ ಮನುಷ್ಯರನ್ನು ಸಾಲಾಗಿ ನಿಲ್ಲಿಸುವಷ್ಟರಲ್ಲೇ ಬೆವರು ಇಳಿಯುತ್ತೆ. ಹಾಗಾಗಿ ಈ ಚಿತ್ರ ಮೊದಲ ಸಲ ನೋಡಿದಾಗ ನನಗೆ ಹುಟ್ಟಿದ ಪ್ರಶ್ನೆ ಕಲೆಯದ್ದಲ್ಲ, ಕೆಲಸದ್ದು. ಜೇನಿಗೆ "ಅಲ್ಲಿ ಕೂತ್ಕೋ" ಅಂತ ಹೇಳಿದ್ದು ಹೇಗೆ? ಆಮೇಲೆ ಓದುತ್ತಾ ಹೋದ ಹಾಗೆ ಗೊತ್ತಾಯಿತು, ಹುಳುಗಳಿಗೂ ಒಂದು ಭಾಷೆ ಇದೆ. ಅವು ನಮ್ಮ ಮಾತು ಕೇಳಲ್ಲ. ವಾಸನೆ ಕೇಳುತ್ತವೆ, ಬಿಸಿ-ತಂಪು ಕೇಳುತ್ತವೆ. ಅದನ್ನು ಕಲಿತ ಫೋಟೋಗ್ರಾಫರಿಗೆ ಮಾತ್ರ ಚಿತ್ರ ಸಿಗುತ್ತದೆ.

ಮೊದಲು ಅವೆಡನ್ ಕತೆ ಮುಗಿಸೋಣ. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿರುವ ಅಮನ್ ಕಾರ್ಟರ್ ವಸ್ತುಸಂಗ್ರಹಾಲಯ ಅವರಿಗೆ ಒಂದು ಕೆಲಸ ಒಪ್ಪಿಸಿತ್ತು. ಅಮೆರಿಕದ ಪಶ್ಚಿಮ ಭಾಗದ ಸಾಮಾನ್ಯ ಜನರ ಭಾವಚಿತ್ರ ತೆಗೆಯುವುದು. ಗಣಿ ಕೆಲಸದವರು, ಲಾರಿ ಡ್ರೈವರುಗಳು, ಕಸಾಯಿಖಾನೆಯ ಆಳುಗಳು. 1979ರಿಂದ 1984ರವರೆಗೆ ಅವರು ಊರೂರು ಅಲೆದರು. ಬಹುತೇಕ ಜನ ದಾರಿಯಲ್ಲಿ ಸಿಕ್ಕವರು. ಜೇನಿನ ಚಿತ್ರ ಮಾತ್ರ ಹಾಗಲ್ಲ. ಅದರ ಕಲ್ಪನೆ ಮೊದಲೇ ಅವರ ತಲೆಯಲ್ಲಿತ್ತು, ಸ್ಕೆಚ್ ಕೂಡ ಹಾಕಿಕೊಂಡಿದ್ದರು. ಜೇನು ಸಾಕುವವರು ಓದುವ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು: ಮೈಮೇಲೆ ಜೇನು ಬಿಟ್ಟುಕೊಳ್ಳಲು ತಯಾರಿರುವವರು ಬೇಕು. ಹವ್ಯಾಸಕ್ಕೆ ಜೇನು ಸಾಕುತ್ತಿದ್ದ ಒಬ್ಬಾತ ಒಪ್ಪಿಕೊಂಡ.

ಜೇನನ್ನು ಸಂಭಾಳಿಸಲು ಬಂದವರು ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ನಾರ್ಮನ್ ಗ್ಯಾರಿ. ಈ ಮನುಷ್ಯನದೇ ಒಂದು ಬೇರೆ ಕತೆ ಬರೆಯಬಹುದು. ಸಿನಿಮಾಗಳಿಗೆ ಜೇನು ಒದಗಿಸಿದವರು. ಮೈತುಂಬ ಜೇನು ಹೊದ್ದುಕೊಂಡು ಕ್ಲಾರಿನೆಟ್ ನುಡಿಸಿದವರು. 109 ಜೇನ್ನೊಣಗಳನ್ನು ಬಾಯಲ್ಲಿಟ್ಟು 10 ಸೆಕೆಂಡ್ ಬಾಯಿ ಮುಚ್ಚಿಕೊಂಡು ದಾಖಲೆ ಮಾಡಿದವರು. ಯಾಕೆ ಅಂತ ಕೇಳಬೇಡಿ. ಆ ದಿನ ಅವರು ಆ ಮನುಷ್ಯನ ಚರ್ಮಕ್ಕೆ ರಾಣಿಜೇನಿನ ವಾಸನೆ ಹಚ್ಚಿದರು. ಇಡೀ ಚಿತ್ರದ ಗುಟ್ಟು ಇರುವುದು ಅಲ್ಲೇ.

ಜೇನುಪೆಟ್ಟಿಗೆಯ ಒಳಗೆ ಕತ್ತಲು. ಸಾವಿರಾರು ನೊಣಗಳು, ಒಂದೇ ರಾಣಿ. ಪ್ರತಿಯೊಂದು ನೊಣವೂ ರಾಣಿಯನ್ನು ನೋಡಲು ಆಗುವುದಿಲ್ಲ. ಆದರೂ ರಾಣಿ ಇದ್ದಾಳೋ ಇಲ್ಲವೋ ಎಲ್ಲಕ್ಕೂ ಗೊತ್ತಿರುತ್ತದೆ. ಅವಳ ದವಡೆಯ ಹತ್ತಿರದ ಗ್ರಂಥಿಗಳಿಂದ ಒಂದು ರಾಸಾಯನಿಕ ಮಿಶ್ರಣ ಒಸರುತ್ತದೆ. ಇಂಥ ಸುದ್ದಿ ಹೊರುವ ವಾಸನೆಗೆ ಫೆರೊಮೋನ್ ಅಂತ ಹೆಸರು. ರಾಣಿಯ ಸುತ್ತ ಸದಾ ಒಂದಷ್ಟು ಕೆಲಸಗಾರ ನೊಣಗಳು ಅವಳನ್ನು ನೆಕ್ಕುತ್ತಾ, ಮೀಸೆಯಿಂದ ಮುಟ್ಟುತ್ತಾ ಇರುತ್ತವೆ. ಅವಕ್ಕೆ ಅಂಟಿದ ವಾಸನೆ ಬೇರೆಯವಕ್ಕೆ, ಅವುಗಳಿಂದ ಇನ್ನಷ್ಟಕ್ಕೆ. ಹೀಗೆ ಬಾಯಿಂದ ಬಾಯಿಗೆ, ಮೈಯಿಂದ ಮೈಗೆ ಸುದ್ದಿ ಹಬ್ಬುತ್ತದೆ: ಅಮ್ಮ ಇದ್ದಾಳೆ, ಎಲ್ಲ ಸರಿಯಾಗಿದೆ. ರಾಣಿಯನ್ನು ತೆಗೆದರೆ ಕೆಲವೇ ಗಂಟೆಗಳಲ್ಲಿ ಪೆಟ್ಟಿಗೆಯ ಸದ್ದೇ ಬದಲಾಗುತ್ತದೆ.

ಅಂದರೆ ಗ್ಯಾರಿ ಜೇನಿಗೆ ಅಪ್ಪಣೆ ಕೊಡಲಿಲ್ಲ, ಸುಳ್ಳು ಹೇಳಿದರು. "ನಿಮ್ಮ ರಾಣಿ ಇಲ್ಲೇ, ಈ ಭುಜದ ಮೇಲೆ ಇದ್ದಾಳೆ." ಜೇನು ನಂಬಿ ಅಲ್ಲೇ ಕೂತವು.

ಸರಿ, ಕೂತವು. ಆದರೆ ಎಲ್ಲ ಸೇರಿ ಚುಚ್ಚದೆ ಇದ್ದದ್ದು ಹೇಗೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಶಿರಸಿ ಕಡೆ, ನಮ್ಮ ಅತ್ತೆಮನೆಯ ಹತ್ತಿರ. ಪಕ್ಕದ ತೋಟದ ಭಟ್ಟರು ತುಡುವೆ ಜೇನು ಸಾಕಿದ್ದಾರೆ. ಒಂದು ಬೆಳಗ್ಗೆ ಒಂದು ಕುಟುಂಬ ಪಾಲಾಗಿ, ಹೊರಬಂದ ಹಿಂಡು ಪೇರಲೆ ಮರದ ಕೊಂಬೆಗೆ ಜೋತುಬಿದ್ದಿತ್ತು. ಹಲಸಿನಕಾಯಿಯಷ್ಟು ದೊಡ್ಡ ಗೊಂಚಲು, ಅದರ ಮೈಯೆಲ್ಲ ಅಲುಗಾಡುತ್ತಿದೆ. ಭಟ್ಟರು ಪಂಚೆ ಎತ್ತಿಕಟ್ಟಿ, ಬರಿ ಮೈಯಲ್ಲಿ, ಬರಿಗೈ ಹಾಕಿ ರಾಣಿಯನ್ನು ಹುಡುಕುತ್ತಿದ್ದರು. ನಾನು ಹತ್ತು ಮಾರು ದೂರ.

"ಹೆದರ್ಬೇಡಿ ಅಳಿಯಂದ್ರೇ," ಅಂದರು. "ಇವಕ್ಕೆ ಈಗ ಮನೆಯೇ ಇಲ್ಲ. ಮನೆ ಇಲ್ದವು ಏನನ್ನ ಕಾಯ್ಬೇಕು?"

ಅಷ್ಟೇ ವಿಷಯ. ಜೇನು ಚುಚ್ಚುವುದು ಮರಿ ಮತ್ತು ತುಪ್ಪ ಇರುವ ಎರಿ ಕಾಯುವುದಕ್ಕೆ. ಪಾಲಾಗಿ ಹೊರಟ ಹಿಂಡಿಗೆ ಎರಿ ಇಲ್ಲ, ಮರಿ ಇಲ್ಲ. ಹೊರಡುವಾಗ ಹೊಟ್ಟೆತುಂಬ ತುಪ್ಪ ಕುಡಿದು ಬಂದಿರುತ್ತವೆ, ಜಗಳಕ್ಕೆ ಮನಸ್ಸೂ ಇಲ್ಲ. ಭಟ್ಟರು ರಾಣಿಯನ್ನು ಹಿಡಿದು ಪೆಟ್ಟಿಗೆಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಉಳಿದವೂ ಸಾಲುಗಟ್ಟಿ ಒಳಗೆ ನಡೆದವು. ಬಿಳಿ ಪರದೆಯ ಮುಂದೆ ನಿಂತ ಆ ಮನುಷ್ಯನ ಮೇಲಿದ್ದ ಜೇನುಗಳದೂ ಹೆಚ್ಚುಕಡಿಮೆ ಇದೇ ಸ್ಥಿತಿ. ಗೂಡಿನಿಂದ ದೂರ, ಕಾಯಲು ಏನೂ ಇಲ್ಲ, ಮೂಗಿಗೆ ರಾಣಿಯ ವಾಸನೆ.

ಇನ್ನೊಂದು ಸಂಗತಿಯೂ ಅಲ್ಲಿ ಅನುಕೂಲವಾಗಿತ್ತು. ಆತನ ಮೈಯಲ್ಲಿ ಕೂದಲಿರಲಿಲ್ಲ. ಕೂದಲಲ್ಲಿ ಸಿಕ್ಕಿಹಾಕಿಕೊಂಡ ಜೇನು ಗಾಬರಿಯಾಗಿ ಚುಚ್ಚುತ್ತದೆ. ಒಂದು ಚುಚ್ಚಿದರೆ ಅದರ ಮುಳ್ಳಿನ ಬುಡದಿಂದ ಬೇರೊಂದು ವಾಸನೆ ಹೊರಡುತ್ತದೆ, ಅಪಾಯದ ವಾಸನೆ. ಅದರಲ್ಲಿ ಮುಖ್ಯವಾದದ್ದು ಐಸೊಪೆಂಟೈಲ್ ಅಸಿಟೇಟ್. ಬಾಳೆಹಣ್ಣಿಗೆ ಅದರ ವಾಸನೆ ಕೊಡುವುದೂ ಇದೇ ಪದಾರ್ಥ. ಬಾಳೆಹಣ್ಣು ತಿಂದು ಜೇನುಪೆಟ್ಟಿಗೆ ತೆಗೆಯಬೇಡಿ ಅಂತ ಸಾಕುವವರು ಹೇಳುವುದು ಅದಕ್ಕೇ. ಹೊಗೆ ಹಾಕುವುದೂ ಅದಕ್ಕೇ, ಅಪಾಯದ ವಾಸನೆ ಹೊಗೆಯಲ್ಲಿ ಮುಚ್ಚಿಹೋಗಲಿ ಅಂತ.

ನಲವತ್ತು ವರ್ಷದ ನಂತರ, 2021ರ ವಿಶ್ವ ಜೇನು ದಿನಕ್ಕೆ, ನಟಿ ಆಂಜೆಲಿನಾ ಜೋಲಿ ಇದೇ ಚಿತ್ರದ ನೆನಪಿನಲ್ಲಿ ಮೈಮೇಲೆ ಜೇನು ಬಿಟ್ಟುಕೊಂಡು ನಿಂತರು. ತೆಗೆದವರು ಡ್ಯಾನ್ ವಿಂಟರ್ಸ್, ತಾವೇ ಜೇನು ಸಾಕುವ ಫೋಟೋಗ್ರಾಫರ್. ವಿಧಾನ ಅದೇ, ಫೆರೊಮೋನ್ ಕೂಡ ಅದೇ. ಶಾಂಪೂ, ಸೆಂಟು ಇತ್ಯಾದಿ ವಾಸನೆ ಜೇನನ್ನು ಗೊಂದಲಕ್ಕೆ ಹಾಕುತ್ತದೆ ಅಂತ ಜೋಲಿ ಮೂರು ದಿನ ಸ್ನಾನ ಮಾಡಿರಲಿಲ್ಲ. 18 ನಿಮಿಷ ಅಲುಗದೆ ನಿಂತಿದ್ದರು. ಮದುವೆಮನೆಯಲ್ಲಿ ಮದುಮಗಳನ್ನು 18 ಸೆಕೆಂಡ್ ನಿಲ್ಲಿಸೋಕೆ ನಾನು ಪಡುವ ಪಾಡು ನನಗೇ ಗೊತ್ತು.

ಅವೆಡನ್ ಜೇನಿನ ಚಿತ್ರ ತೆಗೆದು ಒಂದು ತಿಂಗಳು ಚಿಲ್ಲರೆಗೆ, ಅಂದರೆ 1981ರ ಜೂನ್ 14ರಂದು, ಲಾಸ್ ಏಂಜಲಿಸ್‌ನಲ್ಲಿ ನಟಿ ನಸ್ತಾಸಿಯಾ ಕಿನ್‌ಸ್ಕಿಯ ಮೈಮೇಲೆ ಹೆಬ್ಬಾವು ಮಲಗಿಸಿ ಇನ್ನೊಂದು ಪ್ರಸಿದ್ಧ ಚಿತ್ರ ತೆಗೆದರು. ಅದರಲ್ಲಿ ಹಾವಿನ ನಾಲಿಗೆ ಅವಳ ಕಿವಿಯ ಬಳಿ ಇದೆ. ನೋಡಿದವರಿಗೆ ಗುಟ್ಟು ಹೇಳಿದ ಹಾಗೆ ಕಾಣುತ್ತದೆ. ನಿಜಕ್ಕೆ ಹಾವು ನಾಲಿಗೆ ಹೊರಹಾಕುವುದು ವಾಸನೆ ಹಿಡಿಯಲು. ಗಾಳಿಯ ಕಣಗಳನ್ನು ನಾಲಿಗೆಯಲ್ಲಿ ಹಿಡಿದು ಬಾಯಿಯ ಮೇಲ್ಭಾಗದ ಒಂದು ಅಂಗಕ್ಕೆ ಮುಟ್ಟಿಸುತ್ತದೆ. ಹೇಳಿದ್ದೇನೂ ಇಲ್ಲ, ಮೂಸಿದ್ದು. ಫ್ಯಾಷನ್ ಫೋಟೋಗ್ರಾಫರಿನ ಜಾಣತನ ಎಲ್ಲಿದೆ ಅಂದರೆ, ಆ ಕ್ಷಣಕ್ಕೆ ಕಾದು ಕೂತದ್ದರಲ್ಲಿ.

ಇನ್ನು ತಂಪಿನ ವಿಷಯ. ವೋಗ್‌ನ ಇನ್ನೊಬ್ಬ ದೊಡ್ಡ ಫೋಟೋಗ್ರಾಫರ್ ಇರ್ವಿಂಗ್ ಪೆನ್ 1995ರಲ್ಲಿ ಒಂದು ಚಿತ್ರ ತೆಗೆದರು. ಕೆಂಪು ಬಣ್ಣ ಹಚ್ಚಿದ ತುಟಿಗಳು, ಅವುಗಳ ಮೇಲೆ ಒಂದೇ ಒಂದು ಜೇನು. ಇಂಗ್ಲಿಷಿನಲ್ಲಿ ತುಂಬಿದ ತುಟಿಗೆ ಜೇನು ಚುಚ್ಚಿದಂಥ ತುಟಿ ಅಂತ ಹೊಗಳುವ ರೂಢಿ ಇದೆ, ಚಿತ್ರ ಆ ಮಾತಿನ ಜೊತೆ ಆಟ ಆಡುತ್ತದೆ. ನಾವು ತೊಂಡೆಹಣ್ಣು ಅನ್ನುವವರು. ಜೇನು ಕಚ್ಚಿದ ಹಾಗಿದೆ ನಿನ್ನ ತುಟಿ ಅಂತ ನಮ್ಮ ಕಡೆ ಹೇಳಿದರೆ ಊಟ ಸಿಗಲ್ಲ.

ಹೀಗೆ ಒಂದು ಹುಳವನ್ನು ಅಲುಗದಂತೆ ಕೂರಿಸಲು ಹುಳದ ಫೋಟೋ ತೆಗೆಯುವವರಲ್ಲಿ ಒಂದು ಅಡ್ಡದಾರಿ ಇದೆ: ಹುಳವನ್ನು ಫ್ರಿಜ್ಜಿನಲ್ಲಿಟ್ಟು ತೆಗೆಯುವುದು. ಹುಳುಗಳಿಗೆ ನಮ್ಮ ಹಾಗೆ ಸದಾ ಒಂದೇ ಬಿಸಿ ಕಾಯ್ದುಕೊಳ್ಳುವ ಮೈ ಇಲ್ಲ. ಜೇನು ಹಾರಬೇಕಾದರೆ ಎದೆಯ ಸ್ನಾಯು ಚೆನ್ನಾಗಿ ಬಿಸಿಯಾಗಬೇಕು. ಸುಮಾರು 10 ಡಿಗ್ರಿಗೆ ಇಳಿಸಿದರೆ ಅದಕ್ಕೆ ಜೋಮು ಹಿಡಿಯುತ್ತದೆ. ಎತ್ತಿಟ್ಟಲ್ಲಿ ಕೂರುತ್ತದೆ. ಫೋಟೋ ಬರುತ್ತದೆ, ಆದರೆ ನೋಡುವ ಕಣ್ಣು ಪಳಗಿದ್ದರೆ ಆ ಹುಳ ಸುಸ್ತಾಗಿದೆ ಅಂತ ತಿಳಿಯುತ್ತದೆ. ಕಾಲು ಒಳಗೆ ಮಡಚಿರುತ್ತದೆ, ಮೀಸೆ ಜೋತಿರುತ್ತದೆ. ನನಗಂತೂ ಈ ಪದ್ಧತಿ ಇಷ್ಟವಿಲ್ಲ. ಅದರ ಬದಲು ಚಳಿಗಾಲದ ಬೆಳಗ್ಗೆ ಆರಕ್ಕೆ ಗದ್ದೆ ಬದುವಿಗೆ ಹೋಗಿ ನೋಡಿ. ಏರೋಪ್ಲೇನ್ ಚಿಟ್ಟೆ ಮೈತುಂಬ ಇಬ್ಬನಿ ಹೊತ್ತು ಹುಲ್ಲಿನ ಗರಿಗೆ ಅಂಟಿಕೊಂಡಿರುತ್ತದೆ. ಬಿಸಿಲು ಬಂದು ರೆಕ್ಕೆ ಒಣಗುವ ತನಕ ಅದು ಎಲ್ಲಿಗೂ ಹೋಗಲ್ಲ. ಪುಕ್ಕಟೆ ಫ್ರಿಜ್ಜು, ಯಾರಿಗೂ ನೋವಿಲ್ಲ. ನಿದ್ದೆ ಮಾತ್ರ ನಿಮ್ಮದು ಹೋಗುತ್ತೆ.

ಈಗ ಬೆಳಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ರುಚಿಯಾದ ಭಾಗ ಇದು.

ಇಂಗ್ಲೆಂಡಿನ ಫೋಟೋಗ್ರಾಫರ್ ಲೆವನ್ ಬಿಸ್ ಕ್ರೀಡಾಪಟುಗಳ, ಗಣ್ಯರ ಭಾವಚಿತ್ರ, ಜಾಹೀರಾತು ಮಾಡಿಕೊಂಡಿದ್ದವರು. ಅಚ್ಚ ಫ್ಯಾಷನ್ ಅಲ್ಲ, ಪಕ್ಕದ ಮನೆ ಅನ್ನಬಹುದು. ಸ್ಟುಡಿಯೋ ಬೆಳಕು ಅವರ ಕೈಗೆ ಹತ್ತಿದ ವಿದ್ಯೆ. ಅವರ ಚಿಕ್ಕ ಮಗ ಹಿತ್ತಲಲ್ಲಿ ಒಂದು ಜೀರುಂಡೆ ಹಿಡಿದು ತಂದ. ಅಪ್ಪ ಅದರ ಫೋಟೋ ತೆಗೆದರು. ಅಲ್ಲಿಂದ ಶುರುವಾದದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೈಸರ್ಗಿಕ ಇತಿಹಾಸ ಸಂಗ್ರಹಾಲಯದ ತನಕ ಹೋಯಿತು. ಅಲ್ಲಿನ ಕೀಟಗಳ ಸಂಗ್ರಹದಿಂದ ಆಯ್ದ ಹುಳುಗಳ ಚಿತ್ರ 2016ರಲ್ಲಿ ಪ್ರದರ್ಶನವಾದವು. ಬೆರಳ ತುದಿಯಷ್ಟಿರುವ ಹುಳ, ಗೋಡೆಯ ಮೇಲೆ ಮನುಷ್ಯನಿಗಿಂತ ಎತ್ತರ. ಒಂದೊಂದು ಕೂದಲು, ಒಂದೊಂದು ಗುಳಿ ಎಣಿಸಬಹುದು.

ಒಂದು ಹುಳಕ್ಕೆ ಅವರು ತೆಗೆದ ಶಾಟ್‌ಗಳ ಲೆಕ್ಕ 8,000ದಿಂದ 10,000. ಮೊದಲ ಸಲ ಕೇಳಿದಾಗ ಸುಮ್ನೆ ದೊಡ್ಡದು ಮಾಡಿ ಹೇಳ್ತಿದ್ದಾರೆ ಅಂದುಕೊಂಡೆ. ಕೂತು ಲೆಕ್ಕ ಹಾಕಿದರೆ ಸರಿಯಾಗೇ ಇದೆ.

ಫೋಟೋದಲ್ಲಿ ಒಂದು ದೂರದಲ್ಲಿರುವ ವಸ್ತು ಮಾತ್ರ ಪೂರ್ತಿ ಸ್ಪಷ್ಟ. ಅದರ ಹಿಂದೆ ಮುಂದೆ ಒಂದಿಷ್ಟು ಜಾಗ ಚೆನ್ನಾಗಿ ಕಾಣುತ್ತದೆ, ಆಮೇಲೆ ಮಸುಕು. ಮದುವೆ ಗ್ರೂಪ್ ಫೋಟೋದಲ್ಲಿ ಮೂರು ಸಾಲು ಜನರೂ ಸ್ಪಷ್ಟವಾಗಿ ಬರುತ್ತಾರೆ, ಯಾಕೆಂದರೆ ನಾನು ದೂರ ಇರುತ್ತೇನೆ. ಹತ್ತಿರ ಹೋದಷ್ಟೂ ಈ ಸ್ಪಷ್ಟ ಪದರ ತೆಳುವಾಗುತ್ತದೆ. ಹುಳದಷ್ಟೇ ದೊಡ್ಡ ಬಿಂಬ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದರೆ ಅದು ಸುಮಾರು 1 ಮಿಲಿಮೀಟರ್. ಬಿಸ್ ಬಳಸಿದ್ದು ಕ್ಯಾಮೆರಾಕ್ಕೆ ಜೋಡಿಸಿದ ಸೂಕ್ಷ್ಮದರ್ಶಕದ 10 ಪಟ್ಟು ಲೆನ್ಸ್. ಅಲ್ಲಿ ಸ್ಪಷ್ಟ ಪದರ ಹತ್ತು ಮೈಕ್ರಾನಿನ ಆಸುಪಾಸು. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಎಪ್ಪತ್ತು ಎಂಬತ್ತು ಮೈಕ್ರಾನ್ ಇರುತ್ತದೆ.

ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಕಿರಿದು ಮಾಡಿದರೆ ಆಗಲ್ವಾ ಅಂತ ಕ್ಯಾಮೆರಾ ಗೊತ್ತಿರುವವರು ಕೇಳಬಹುದು. ಒಂದು ಮಟ್ಟದ ತನಕ ಆಗುತ್ತೆ. ಆದರೆ ತೀರ ಸಣ್ಣ ಕಿಂಡಿಯಿಂದ ನುಗ್ಗಿದ ಬೆಳಕು ಹರಡಿಕೊಳ್ಳುತ್ತದೆ, ಇಡೀ ಚಿತ್ರವೇ ಮಂಕಾಗುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಗಿಡ್ಡವಾಗುವ ಹೊದಿಕೆ ಇದ್ದ ಹಾಗೆ.

ಹಾಗಾಗಿ ಅವರು ಕ್ಯಾಮೆರಾವನ್ನು ಒಂದು ಹಳಿಯ ಮೇಲಿಟ್ಟು, ಒಂದು ಶಾಟ್ ತೆಗೆದು 10 ಮೈಕ್ರಾನ್ ಮುಂದೆ ಸರಿಸಿ ಇನ್ನೊಂದು ಶಾಟ್ ತೆಗೆದರು. ಮೂರು ಮಿಲಿಮೀಟರ್ ಆಳ ದಾಟುವಷ್ಟರಲ್ಲಿ 300 ಶಾಟ್. ಅದು ಹುಳದ ಒಂದು ತುಂಡಿಗೆ ಮಾತ್ರ. ಒಂದು ಹುಳದ ಚಿತ್ರವನ್ನು (ಹುಳವನ್ನಲ್ಲ) ಅವರು ಹೀಗೆ ಸುಮಾರು 30 ತುಂಡು ಮಾಡಿಕೊಳ್ಳುತ್ತಿದ್ದರು: ಮೀಸೆ, ಕಣ್ಣು, ಕಾಲಿನ ಕೀಲು. ಮೂವತ್ತನ್ನು ಮುನ್ನೂರರಿಂದ ಗುಣಿಸಿ, 9,000. ಪ್ರತಿ ಶಾಟಿನ ಸ್ಪಷ್ಟ ಭಾಗ ಮಾತ್ರ ಕಂಪ್ಯೂಟರ್ ಆರಿಸಿ ಒಂದರ ಮೇಲೊಂದು ಪೇರಿಸುತ್ತದೆ. ನಮ್ಮ ಕಡೆಯ ಫೋಟೋಗ್ರಾಫರುಗಳೂ ಇದನ್ನು ಸ್ಟ್ಯಾಕಿಂಗ್ ಅಂತಲೇ ಕರೆಯುತ್ತಾರೆ.

ಆದರೆ ಸ್ಟ್ಯಾಕಿಂಗ್ ಬೇರೆಯವರೂ ಮಾಡುತ್ತಾರೆ, ವಿಜ್ಞಾನಿಗಳೂ ಮಾಡುತ್ತಾರೆ. ಬಿಸ್ ಬೇರೆಯಾಗುವುದು ಬೆಳಕಿನಲ್ಲಿ. ಅವರು ಹುಳಕ್ಕೆ ಒಂದೇ ಬೆಳಕು ಕೊಡಲಿಲ್ಲ. ಮೂವತ್ತು ತುಂಡಿಗೂ ಬೇರೆ ಬೇರೆ ಬೆಳಕು ಹೊಂದಿಸಿದರು. ಕಣ್ಣಿಗೆ ಒಂದು ಥರ, ಬೆನ್ನಿನ ಹೊಳಪಿಗೆ ಇನ್ನೊಂದು ಥರ. ಕಾಲಿನ ರೋಮ ಎದ್ದು ಕಾಣಲಿ ಅಂತ ಹಿಂದಿನಿಂದ ಒಂದು ಗೆರೆ. ಇದು ವಿಜ್ಞಾನಿಯ ಅಭ್ಯಾಸ ಅಲ್ಲ, ಮಾಡೆಲಿನ ಗಲ್ಲದ ಮೂಳೆ ನೋಡಿ ದೀಪ ಸರಿಸುವವನ ಅಭ್ಯಾಸ.

ಅದು ಯಾಕೆ ಬೇಕು ಅನ್ನೋದಕ್ಕೆ ಹುಳದ ಬಟ್ಟೆಯನ್ನು ನೋಡಬೇಕು. ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಜೀರ್ಜಿಂಬೆ ಗೊತ್ತಿರುತ್ತದೆ. ಮಳೆಗಾಲದಲ್ಲಿ ಜಾಲಿಗಿಡದಿಂದ ಹಿಡಿದು, ಬೆಂಕಿಪೊಟ್ಟಣದಲ್ಲಿ ಜಾಲಿಸೊಪ್ಪಿನ ಜೊತೆ ಇಟ್ಟು, ಶಾಲೆಗೆ ಒಯ್ದು ಮೊಟ್ಟೆ ಇಟ್ಟಿತಾ ಅಂತ ಗಳಿಗೆಗೊಮ್ಮೆ ತೆಗೆದು ನೋಡುತ್ತಿದ್ದೆವು. ಅದರ ಬೆನ್ನಿನ ಹಸಿರು ನೆನಪಿದೆಯಾ? ತಿರುಗಿಸಿದರೆ ನೀಲಿ, ಇನ್ನೊಂದು ಕಡೆ ಚಿನ್ನದ ಛಾಯೆ. ಅಲ್ಲಿ ಹಸಿರು ಬಣ್ಣ ಅಂತ ಏನೂ ಇಲ್ಲ! ಗಟ್ಟಿ ರೆಕ್ಕೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳು ಒಂದರ ಮೇಲೊಂದು ಇವೆ. ಪ್ರತಿ ಪದರದಿಂದ ಬೆಳಕು ಸ್ವಲ್ಪ ಸ್ವಲ್ಪ ಹಿಂದಿರುಗುತ್ತದೆ. ಹಿಂದಿರುಗಿದ ಅಲೆಗಳಲ್ಲಿ ಹಸಿರಿನವು ಒಂದಕ್ಕೊಂದು ಕೂಡಿಕೊಂಡು ಜೋರಾಗುತ್ತವೆ, ಬೇರೆಯವು ಒಂದನ್ನೊಂದು ಅಳಿಸುತ್ತವೆ. ಮಳೆನೀರಿನ ಮೇಲೆ ತೇಲುವ ಪೆಟ್ರೋಲು, ಸೋಪಿನ ಗುಳ್ಳೆ, ನವಿಲುಗರಿ, ಎಲ್ಲದರದೂ ಇದೇ ಕಸುಬು. ನವಿಲುಬಣ್ಣದ ರೇಷ್ಮೆ ಸೀರೆ ಬೇರೆ. ಅದರಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ, ಮಡಿಕೆ ಬಿದ್ದ ಕಡೆ ಬಣ್ಣ ತಿರುಗುತ್ತದೆ. ಸೀರೆಯ ಬಣ್ಣ ಬಿಸಿಲಿಗೆ ಹೋಗುತ್ತದೆ. ಜೀರ್ಜಿಂಬೆಯದು ಹೋಗಲ್ಲ. ಮಾಸಲು ಅಲ್ಲಿ ಬಣ್ಣವೇ ಇಲ್ಲವಲ್ಲ.

ಇದು ಬಟ್ಟೆಯವರಿಗೆ ಬಹಳ ಹಿಂದೆಯೇ ಗೊತ್ತಿತ್ತು. 19ನೇ ಶತಮಾನದಲ್ಲಿ ಮದ್ರಾಸ್, ಕಲ್ಕತ್ತಗಳಿಂದ ಇಂಥ ಹುಳದ ರೆಕ್ಕೆ ಹೊಲಿದ ಮಸ್ಲಿನ್ ಬಟ್ಟೆ ಇಂಗ್ಲೆಂಡಿಗೆ ಹೋಗುತ್ತಿತ್ತು. 1888ರಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಲೇಡಿ ಮ್ಯಾಕ್‌ಬೆತ್ ಆಗಿ ಬಂದ ನಟಿ ಎಲೆನ್ ಟೆರ್ರಿಯ ಉಡುಪಿನ ಮೇಲೆ ಸುಮಾರು 1,000 ರೆಕ್ಕೆಗಳಿದ್ದವು. ಅದೇ ಉಡುಪಿನಲ್ಲಿ ಅವಳನ್ನು ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಬರೆದದ್ದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಉಡುಪು ಇನ್ನೂ ಇದೆ, ರೆಕ್ಕೆಗಳು ಇನ್ನೂ ಹಸಿರು.

ಇಂಥ ಬೆನ್ನಿಗೆ ನೇರ ಫ್ಲ್ಯಾಶ್ ಹೊಡೆದರೆ ಏನಾಗುತ್ತೆ? ಸ್ಟೀಲ್ ತಟ್ಟೆಗೆ ಹೊಡೆದ ಹಾಗೆ. ಒಂದು ಬಿಳಿ ಚುಕ್ಕೆ, ಸುತ್ತ ಕಪ್ಪು. ಹೊಳೆಯುವ ಮೈ ಅಂದರೆ ಕನ್ನಡಿ, ಕನ್ನಡಿ ಸುತ್ತ ಇರುವುದನ್ನೇ ತೋರಿಸುತ್ತದೆ. ಅದಕ್ಕೇ ಸುತ್ತ ಮೃದುವಾದ ದೊಡ್ಡ ಬೆಳಕು ಇರಬೇಕು. ಮದುಮಗಳ ಒಡವೆಗೆ ನಾನು ಬೆಳಕು ಮೃದು ಮಾಡುವ ಮೂರಡಿ ಸಾಫ್ಟ್‌ಬಾಕ್ಸ್ ಇಡುತ್ತೇನೆ. ನಾಲ್ಕು ಸೆಂಟಿಮೀಟರ್ ಜೀರ್ಜಿಂಬೆಗೆ ಅಷ್ಟು ದೊಡ್ಡದು ಬೇಡ. ದೀಪ ದೊಡ್ಡದೋ ಚಿಕ್ಕದೋ ಅನ್ನುವುದು ಎದುರಿಗಿರುವವರ ಗಾತ್ರದ ಮೇಲೆ ನಿಂತಿದೆ. ಹುಳಕ್ಕೆ ಒಂದು ಬಟರ್ ಪೇಪರ್ ಕೊಳವೆಯೇ ಮೋಡ ಕವಿದ ಆಕಾಶ.

ಕಳೆದ ಮಳೆಗಾಲ ಮಗಳು ಒಂದು ಜೀರ್ಜಿಂಬೆ ತಂದಳು, ಶಾಲೆಯ ಹಿಂದಿನ ಜಾಲಿಯಿಂದ. ಊಟದ ಮೇಜಿನ ಮೇಲೆ ಒಂದು ಜಾಲಿ ಕಡ್ಡಿ ನಿಲ್ಲಿಸಿದೆ. ಬಟರ್ ಪೇಪರ್ ಸುತ್ತಿ, ಹೊರಗಿನಿಂದ ಎರಡು ಫ್ಲ್ಯಾಶ್ ಇಟ್ಟೆ. ಮ್ಯಾಕ್ರೋ ಲೆನ್ಸ್ ಹಾಕಿ, ಹಳಿ ಮೇಲೆ ಕ್ಯಾಮೆರಾ ಕೂರಿಸಿ, ಅರ್ಧ ಅರ್ಧ ಮಿಲಿಮೀಟರ್ ಸರಿಸುತ್ತಾ ನಲವತ್ತು ಶಾಟ್ ಅಂತ ಲೆಕ್ಕ. ಜೀರ್ಜಿಂಬೆ ಸೊಪ್ಪು ತಿನ್ನುತ್ತಾ ಕೂತಿತ್ತು. ತಿನ್ನುವುದು ಬಿಟ್ಟು ಸುಮ್ಮನಾದಾಗ ಶುರುಮಾಡಿದೆ. ಮಗಳು ಉಸಿರು ಬಿಗಿಹಿಡಿದು ಎಣಿಸುತ್ತಿದ್ದಳು.

ಹದಿನೇಳಕ್ಕೆ ಅದು ಒಂದು ಕಾಲೆತ್ತಿ ಮೀಸೆ ಒರೆಸಿಕೊಂಡಿತು.

ಬಿಸ್ ಸಂಗ್ರಹಾಲಯದ ಹುಳುಗಳನ್ನೇ ಯಾಕೆ ಆರಿಸಿಕೊಂಡರು ಅನ್ನುವುದು ಆಗ ಸರಿಯಾಗಿ ಅರ್ಥವಾಯಿತು. "ಅಪ್ಪಾ, ಮತ್ತೆ ಒಂದರಿಂದ ಶುರುನಾ?" ಅಂದಳು. ಮತ್ತೆ ಶುರುಮಾಡಿದೆವು. ಮೂರನೇ ಸಲಕ್ಕೆ ಅದು ಬಟರ್ ಪೇಪರಿನ ಬಾಯಿಗೆ ಹತ್ತಿ, ಗಟ್ಟಿ ರೆಕ್ಕೆ ಎರಡೂ ಬಿಚ್ಚಿ, ಗುಯ್ಯ್ ಅಂತ ಟ್ಯೂಬ್‌ಲೈಟಿಗೆ ಹೋಗಿ ಬಡಿಯಿತು. ಬೆಳಗ್ಗೆ ಮಗಳೇ ಅದನ್ನು ಜಾಲಿಗಿಡಕ್ಕೆ ಬಿಟ್ಟು ಬಂದಳು. ನನ್ನ ಹತ್ತಿರ ಇರುವುದು ಮೊದಲ ಸಲದ ಹದಿನೇಳು ಶಾಟ್. ಪೇರಿಸಿ ನೋಡಿದೆ. ತಲೆಯಿಂದ ಭುಜದ ತನಕ ಒಂದೊಂದು ಗುಳಿಯೂ ಸ್ಪಷ್ಟ, ಹಸಿರಿನ ಅಂಚಿಗೆ ಚಿನ್ನ. ಅಲ್ಲಿಂದ ಹಿಂದೆ ಎಲ್ಲ ಮಸುಕು, ಮಸುಕಿನ ಮಧ್ಯೆ ಮೇಲೆತ್ತಿದ ಆ ಒಂದು ಕಾಲು.